ಶಿಮ್ಲಾದ ಐಸ್ ಮೇಲೆ ನಾಲ್ಕು ಬೆಳಗು

ಕಾಲ್ಕಾದಿಂದ ಶಿಮ್ಲಾಕ್ಕೆ ಹೋಗುವ ಪುಟ್ಟ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಮಗಳು ಸುರಂಗ ಎಣಿಸುತ್ತಿದ್ದಳು. ಪ್ರತಿ ಸುರಂಗದ ಬಾಯಲ್ಲೂ ಅದರ ನಂಬರು ಬರೆದಿರುತ್ತದೆ. 33ನೆಯದು ಬರೋಗ್ ಸುರಂಗ. ಈ ದಾರಿಯಲ್ಲಿ ಅದೇ ಎಲ್ಲಕ್ಕಿಂತ ಉದ್ದ, ಒಂದು ಕಿಲೋಮೀಟರಿಗಿಂತ ಜಾಸ್ತಿ. ರೈಲು ಅದರೊಳಗೆ ಹೊಕ್ಕಾಗ ಬೋಗಿಯ ಮಕ್ಕಳೆಲ್ಲ "ಹೋ" ಎಂದು ಕೂಗಿದರು. ನಮ್ಮವಳು ಕೂಗಲಿಲ್ಲ. ಬೆಳಕು ಬರುವವರೆಗೂ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಅವಳಿಗೆ ಎಂಟು ವರ್ಷ. ಹೋದ ಬೇಸಿಗೆಯಲ್ಲಿ ಮೈಸೂರಿನ ನಮ್ಮ ಮನೆ ಮುಂದಿನ ಇಳಿಜಾರಿನಲ್ಲಿ ಸೈಕಲ್ಲಿಂದ ಬಿದ್ದು ಗಲ್ಲಕ್ಕೆ ಮೂರು ಹೊಲಿಗೆ ಹಾಕಿಸಿಕೊಂಡಿದ್ದಳು. ಗಾಯ ಬೇಗ ಒಣಗಿತು. ಆದರೆ ಸೈಕಲ್ ಹಾಗೇ ಮೂಲೆ ಸೇರಿತು. ಆಮೇಲೆ ಈಜಿಗೆ ಕರೆದರೂ, ಹಗ್ಗದಾಟಕ್ಕೆ ಕರೆದರೂ ಒಂದೇ ಉತ್ತರ: "ನಂಗೆ ಬರಲ್ಲಮ್ಮ." ಬರದ ಕೆಲಸವನ್ನು ಮಾಡಿ ನೋಡುವುದನ್ನೇ ಅವಳು ಬಿಟ್ಟಿದ್ದಳು. ಕ್ರಿಸ್‌ಮಸ್ ರಜೆಗೆ ಹೊರಡುವಾಗ ನನ್ನ ಗಂಡ ಅಟ್ಟದಿಂದ ಅವಳ ಸೈಕಲ್ ಹೆಲ್ಮೆಟ್ ಇಳಿಸಿ, ಧೂಳು ಒರೆಸಿ, ಏನೂ ಹೇಳದೆ ಬ್ಯಾಗಿಗೆ ಹಾಕಿಕೊಂಡರು.

ಈ ರೈಲು ಶುರುವಾಗಿದ್ದು 1903ರಲ್ಲಿ. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 656 ಮೀಟರ್ ಎತ್ತರದ ಕಾಲ್ಕಾದಿಂದ ಹೊರಟು, 96 ಕಿಲೋಮೀಟರ್ ಸುತ್ತಿ ಬಳಸಿ, ಎರಡು ಸಾವಿರ ಮೀಟರಿಗೂ ಮೇಲಿರುವ ಶಿಮ್ಲಾ ನಿಲ್ದಾಣ ಸೇರುತ್ತದೆ. ಐದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಟ್ಯಾಕ್ಸಿಯಲ್ಲಿ ಬೇಗ ಹೋಗಬಹುದು. ಆದರೆ ಮಕ್ಕಳಿದ್ದರೆ ರೈಲಿನಲ್ಲೇ ಹೋಗಿ ಅಂತ ನಾನು ಹೇಳುತ್ತೇನೆ. ಕೊನೆಯ ಸುರಂಗದ ನಂಬರು 103, ಆದರೆ ಈಗ ಉಳಿದಿರುವುದು 102. ಇದನ್ನು ಕೇಳಿ ಮಗಳಿಗೆ ಆದ ಗೊಂದಲ ನಿಲ್ದಾಣ ಬಂದರೂ ಮುಗಿಯಲಿಲ್ಲ. "ನಾನು ನಿದ್ದೆ ಮಾಡಿದಾಗ ಒಂದು ತಪ್ಪಿಹೋಯ್ತು" ಅಂತಲೇ ಅವಳ ವಾದ.

ಡಿಸೆಂಬರಿನಲ್ಲಿ ಶಿಮ್ಲಾದಲ್ಲಿ ಹಿಮ ಬಿದ್ದೇ ಬೀಳುತ್ತದೆ ಅಂತೇನಿಲ್ಲ. ನಾವು ಹೋದಾಗಲೂ ಬಿದ್ದಿರಲಿಲ್ಲ. ಆದರೆ ನಾವು ಹೋಗಿದ್ದು ಊರ ನಡುವಿನ ಬಯಲಾದ ರಿಜ್‌ನ ಕೆಳಗೆ, ಲಕ್ಕಡ್ ಬಜಾರ್ ಹತ್ತಿರ ಇರುವ ಐಸ್ ಸ್ಕೇಟಿಂಗ್ ರಿಂಕ್‌ಗಾಗಿ. 1920ರಿಂದ ಇರುವ ರಿಂಕ್ ಅದು. ಅಲ್ಲಿಯ ಐಸ್ ಚಳಿಯಿಂದಲೇ ತಾನಾಗಿ ಗಟ್ಟಿಯಾಗುತ್ತದೆ. ಸಂಜೆ ಬಿಸಿಲು ಹೋದಮೇಲೆ ಅಂಗಳಕ್ಕೆ ನೀರು ಚಿಮುಕಿಸುತ್ತಾರೆ. ಒಂದು ತೆಳು ಪದರ ಗಟ್ಟಿಯಾದಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಆಕಾಶ ಶುಭ್ರವಾಗಿದ್ದರೆ ನೆಲದ ಶಾಖವೆಲ್ಲ ಮೇಲೆ ಹೋಗಿ ಬೆಳಗಿನ ಹೊತ್ತಿಗೆ ಒಳ್ಳೆ ಐಸ್ ಸಿಗುತ್ತದೆ. ಮೋಡ ಕವಿದರೆ ನೆಲಕ್ಕೆ ಕಂಬಳಿ ಹೊದಿಸಿದ ಹಾಗೆ, ಐಸ್ ಕಟ್ಟುವುದಿಲ್ಲ.

ಮೊದಲ ಬೆಳಗು ಕತ್ತಲಿರುವಾಗಲೇ ಎದ್ದೆವು. ಮೂಗಿನ ತುದಿ ಮರಗಟ್ಟುವ ಚಳಿ. ಸುತ್ತ ದೇವದಾರು ಮರಗಳು, ನಡುವೆ ಮಂಕಾಗಿ ಹೊಳೆಯುವ ಅಂಗಳ. ಅಲ್ಲೇ ಬಾಡಿಗೆಗೆ ಸ್ಕೇಟ್ ಸಿಕ್ಕಿತು. ಊರಿನ ಮಕ್ಕಳು ಆಗಲೇ ಜುಯ್ ಎಂದು ಸುತ್ತುತ್ತಿದ್ದರು. ಬ್ಲೇಡು ಐಸನ್ನು ಕೊರೆಯುವ ಆ ಕರಕರ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಮಗಳು ಅಂಚಿನ ಕಂಬಿ ಹಿಡಿದು ನಿಂತಳು. ಅರ್ಧ ಗಂಟೆ ಅಲ್ಲಿಂದ ಅಲುಗಲಿಲ್ಲ. ನಾನು ಶೂ ಹಾಕಿಕೊಂಡೇ ಐಸ್ ಅಂಚಿಗೆ ಹೋಗಿ "ಹೆದರಬೇಡ ಕಂದಾ, ನಾನು ಹಿಡ್ಕೊಂಡಿದ್ದೀನಿ" ಎನ್ನುತ್ತ ಅವಳ ಎರಡೂ ಕೈ ಹಿಡಿದೆ. ಅಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಒಬ್ಬ ಹಿರಿಯರು ಬಂದರು. ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದರು. ಹಿಂದಿಯಲ್ಲಿ ತುಂಬ ಮೆತ್ತಗೆ ಹೇಳಿದರು: "ನೀವು ಕೈ ಹಿಡಿದರೆ ಅವಳ ಭಾರ ನಿಮ್ಮ ಮೇಲಿರುತ್ತೆ, ಅವಳ ಕಾಲಿನ ಮೇಲಿರಲ್ಲ. ನೀವು ಹೊರಗೆ ನಿಲ್ಲಿ ಬೆಹನ್‌ಜಿ."

ಹೊರಗೆ ಬಂದೆ. ನನಗೆ ಅದು ಸುಲಭವಾಗಿರಲಿಲ್ಲ.

ಅಂಕಲ್ ಅವಳಿಗೆ ಸ್ಕೇಟಿಂಗ್ ಹೇಳಿಕೊಡಲಿಲ್ಲ. ಮೊದಲು ಬೀಳುವುದನ್ನು ಹೇಳಿಕೊಟ್ಟರು. ಬೀಳುತ್ತೇನೆ ಅನ್ನಿಸಿದ ತಕ್ಷಣ ಮಂಡಿ ಬಗ್ಗಿಸು. ಹಿಂದಕ್ಕೆ ಬೀಳಬೇಡ, ಪಕ್ಕಕ್ಕೆ ಕೂತ ಹಾಗೆ ಬೀಳು. ಬಿದ್ದಮೇಲೆ ಬೆರಳು ಚಾಚಿಕೊಂಡಿರಬೇಡ, ಮುಷ್ಟಿ ಕಟ್ಟು, ಇಲ್ಲಾಂದ್ರೆ ಬೇರೆಯವರ ಬ್ಲೇಡು ತಗಲಬಹುದು. ಏಳುವಾಗ ಮೊದಲು ಎರಡೂ ಮಂಡಿ ಊರು, ಆಮೇಲೆ ಒಂದು ಪಾದ, ಆ ಮಂಡಿ ಮೇಲೆ ಎರಡೂ ಕೈ ಇಟ್ಟು ಒತ್ತಿ ಏಳು. ತಾವೇ ಬಿದ್ದು ತೋರಿಸಿದರು. ತಲೆ ನರೆತ ಅಷ್ಟು ದೊಡ್ಡವರು ಬೇಕಂತಲೇ ದೊಪ್ಪಂತ ಬಿದ್ದಿದ್ದು ನೋಡಿ ಮಗಳು ಕಣ್ಣರಳಿಸಿದಳು. ಆಮೇಲೆ ಅವಳೂ ಬಿದ್ದಳು. ಎದ್ದಳು. ಅವತ್ತು ಮಾಡಿದ್ದು ಅಷ್ಟೇ, ಮೂರು ಸಲ ಬಿದ್ದು ಮೂರು ಸಲ ಎದ್ದಿದ್ದು. "ಮೂರು" ಎಂದು ಬೆರಳು ತೋರಿಸುತ್ತ ಹೊರಗೆ ಬಂದಳು. ಸುರಂಗ ಎಣಿಸಿದ ಹಾಗೇ ಇದನ್ನೂ ಎಣಿಸುತ್ತಿದ್ದಾಳೆ ಎಂದು ಆಗ ಗೊತ್ತಾಯಿತು.

ಮಾರನೆಯ ಬೆಳಗು ಮೋಡ. ಐಸ್ ಕಟ್ಟಿರಲಿಲ್ಲ, ರಿಂಕ್ ಇಲ್ಲ. ಜಾಖೂ ಬೆಟ್ಟ ಹತ್ತಿ 108 ಅಡಿಯ ಹನುಮಂತನನ್ನು ನೋಡಿ, ಕೋತಿಗಳಿಂದ ಕನ್ನಡಕ ಕಾಪಾಡಿಕೊಂಡು ಇಳಿದೆವು. ಮಧ್ಯಾಹ್ನ ಸಿದ್ದು ಎಂಬ ಅಲ್ಲಿಯ ತಿಂಡಿ ತಿಂದೆವು. ಗೋಧಿ ಹಿಟ್ಟು ಹುಳಿಬರಿಸಿ, ಒಳಗೆ ಅಕ್ರೋಟಿನ ಹೂರಣ ಇಟ್ಟು ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ ಸುರಿದು ಕೊಡುತ್ತಾರೆ. ನಮ್ಮ ಕಡುಬಿನ ಅಕ್ಕನೋ ತಂಗಿಯೋ ಇರಬೇಕು ಅನ್ನಿಸಿತು. ಸಂಜೆ ಲಾಡ್ಜಿನ ರೂಮಿನಲ್ಲಿ ನೋಡಿದರೆ ಮಗಳು ರಜಾಯಿಯನ್ನು ನೆಲಕ್ಕೆ ಹಾಸಿಕೊಂಡು ಪಕ್ಕಕ್ಕೆ ಬೀಳುತ್ತಿದ್ದಾಳೆ. ಮುಷ್ಟಿ, ಮಂಡಿ, ಪಾದ, ಕೈ, ಏಳು. ಯಾರೂ ಹೇಳಿರಲಿಲ್ಲ. ನಾವಿಬ್ಬರೂ ನೋಡಿಯೂ ನೋಡದ ಹಾಗೆ ಚಹಾ ಕುಡಿದೆವು. ಮಲಗುವ ಮುಂಚೆ ಕಿಟಕಿ ಪರದೆ ಸರಿಸಿ "ನಕ್ಷತ್ರ ಕಾಣ್ತಿದೆ ಅಪ್ಪ" ಎಂದಳು.

ಮೂರನೆಯ ಬೆಳಗು ಕಂಬಿ ಬಿಟ್ಟು ನಡೆದಳು. ಪಾದವನ್ನು ಬಾತುಕೋಳಿಯ ಹಾಗೆ ಹೊರಕ್ಕೆ ತಿರುಗಿಸಿ, ಒಂದೊಂದೇ ಹೆಜ್ಜೆ. ನಾಲ್ಕು ಹೆಜ್ಜೆ ಇಟ್ಟು ಸುಮ್ನೆ ನಿಂತುಕೋ, ಐಸೇ ನಿನ್ನನ್ನು ಮುಂದೆ ಒಯ್ಯುತ್ತೆ ಅಂತ ಅಂಕಲ್ ಹೇಳಿದ್ದರು. ಅವಳಿಗೆ ಅದು ಆಗಿದ್ದು ಒಂಬತ್ತನೆಯದೋ ಹತ್ತನೆಯದೋ ಪ್ರಯತ್ನದಲ್ಲಿ. ಒಂದು ಮಾರಿನಷ್ಟು ದೂರ ಜಾರಿದಳು, ಅಷ್ಟೇ. ಆದರೆ ಜಾರುವಾಗ ಅವಳ ಬಾಯಿ ತಾನಾಗಿ ತೆರೆದುಕೊಂಡಿತು, ಎರಡೂ ಕೈ ರೆಕ್ಕೆಯ ಹಾಗೆ ಎದ್ದವು. ಅದನ್ನು ಫೋಟೋ ತೆಗೆಯಲೂ ನನಗೆ ನೆನಪಾಗಲಿಲ್ಲ. ಮಾಲ್ ರೋಡಿನಲ್ಲಿ ಕೊಂಡಿದ್ದ ಉಣ್ಣೆಯ ಗ್ಲೌಸ್ ಅಷ್ಟು ಹೊತ್ತಿಗೆ ಒದ್ದೆಯಾಗಿ ಬೆರಳು ಕೆಂಪಗಾಗಿದ್ದವು. ನೀವು ಹೋದರೆ ನೀರು ಇಳಿಯದ ಗ್ಲೌಸ್ ತಗೊಂಡು ಹೋಗಿ. ಲೇಸ್ ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ, ಸಡಿಲವಿದ್ದರೆ ಮಗುವಿನ ಪಾದ ಒಳಕ್ಕೆ ವಾಲುತ್ತದೆ.

ನಾಲ್ಕನೆಯ ಬೆಳಗು ಕೊನೆಯದು. ಐಸ್ ಗಾಜಿನ ಹಾಗಿತ್ತು. ಮಗಳು ಹೆಲ್ಮೆಟ್ಟಿನ ಪಟ್ಟಿಯನ್ನು ತಾನೇ ಹಾಕಿಕೊಂಡಳು. ಗಲ್ಲದ ಆ ಹೊಲಿಗೆ ಗುರುತಿನ ಮೇಲೇ ಆ ಪಟ್ಟಿ ಕೂರುತ್ತದೆ. "ಒಂದು ಸುತ್ತು ಹೋಗಿ ಬರ್ತೀನಿ" ಎಂದಳು. ಅಂಚಿನಲ್ಲೇ ನಿಧಾನಕ್ಕೆ ಹೊರಟಳು. ಅವಳ ಅರ್ಧ ವಯಸ್ಸಿನ ಮಕ್ಕಳು ಪಕ್ಕದಲ್ಲೇ ಹಾರಿಹೋದರು. ಅವಳು ಅವರನ್ನು ನೋಡಲಿಲ್ಲ, ಕಾಲನ್ನೂ ನೋಡಲಿಲ್ಲ, ಹೇಳಿಕೊಟ್ಟ ಹಾಗೆ ಮುಂದೆ ನೋಡುತ್ತಿದ್ದಳು. ಆಚೆ ತುದಿಯ ತಿರುವಿನಲ್ಲಿ ಬಿದ್ದಳು. ನಾನು ಓಡಿದರೂ ತಲುಪಲಾಗದಷ್ಟು ದೂರ. "ಬಿಡು, ಅವಳೇ ಏಳ್ಲಿ" ಎಂದರು ಇವರು. ಅವರ ದನಿಯೂ ನಡುಗುತ್ತಿತ್ತು. ಆಚೆ ಆ ಚಿಕ್ಕ ಮುಷ್ಟಿಗಳು ಮುಚ್ಚಿದವು. ಮಂಡಿ. ಪಾದ. ಕೈ. ಎದ್ದಳು. ಕುಂಡಿಯ ಮೇಲಿನ ಐಸ್ ಪುಡಿ ಕೊಡವಿಕೊಂಡು ಹೊರಟಳು. ಸುತ್ತು ಮುಗಿಸಿ ನಮ್ಮ ಮುಂದೆ ಬಂದಾಗ ನಿಲ್ಲುತ್ತಾಳೆ ಅಂದುಕೊಂಡೆ. ನಿಲ್ಲಲಿಲ್ಲ, ಎರಡನೆಯ ಸುತ್ತಿಗೆ ಹೋದಳು.

ಬಿಸಿಲು ಏರಿ ಐಸ್ ಮೆತ್ತಗಾಗುವ ಮೊದಲೇ ಎಲ್ಲರನ್ನೂ ಹೊರಗೆ ಕಳಿಸಿದರು. ಅವಳು ಅಂಕಲ್ ಕಾಲು ಮುಟ್ಟಿದಳು. ಅವರು ಅವಳ ಹೆಲ್ಮೆಟ್ ಮೇಲೆ ಬೆರಳಿಂದ ಟಕಟಕ ಬಡಿದರು.

ವಾಪಸ್ ರೈಲಿನಲ್ಲಿ ಸುರಂಗಗಳು 103ರಿಂದ ಹಿಂದಕ್ಕೆ ಶುರುವಾದವು. ನಡುವೆ ಮೈಸೂರಿನಿಂದ ಅತ್ತೆಯ ಫೋನ್ ಬಂತು. ಮಗಳು ಕಿತ್ತುಕೊಂಡಳು.

"ಅಜ್ಜಿ, ನಾನು ಒಟ್ಟು ಇಪ್ಪತ್ತೆರಡು ಸಲ ಬಿದ್ದೆ!"

"ಅಯ್ಯೋ ನನ್ನ ಕಂದಾ, ಪೆಟ್ಟಾಯ್ತೇನೇ?"

"ಇಲ್ಲಜ್ಜಿ, ನಂಗೆ ಬೀಳಕ್ಕೆ ಬರತ್ತೆ."

ಅಷ್ಟರಲ್ಲಿ ರೈಲು ಮುಂದಿನ ಸುರಂಗಕ್ಕೆ ಹೊಕ್ಕು ಫೋನ್ ಕಟ್ಟಾಯಿತು. ಬೋಗಿಯ ಮಕ್ಕಳೆಲ್ಲ "ಹೋ" ಎಂದರು, ಅದರಲ್ಲಿ ಅವಳ ದನಿಯೂ ಇತ್ತು.