37 ಡಿಗ್ರಿಯ ಕತ್ತಲೆ

ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಬಾಗಿಲ ಸಂದಿಗೆ ನನ್ನ ಲ್ಯಾಬ್ ಕೋಟು ತುರುಕಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲೆಂದು ಹತ್ತು ನಿಮಿಷ ಸುಮ್ಮನೆ ನಿಂತೆವು. ನಾನು, ಬಿಎಸ್ಸಿ ಕೊನೆಯ ವರ್ಷದ ಎಂಟು ಮಕ್ಕಳು, ಹೊರಗೆ ಧಾರವಾಡದ ಡಿಸೆಂಬರ್ ಚಳಿ. ಬೆಳಕು ಬೀರುವ ಜೀನ್ ಸೇರಿಸಿ, ಹೊಳೆಯಬೇಕಿದ್ದ ಇ. ಕೋಲೈ ಬ್ಯಾಕ್ಟೀರಿಯಾದ ಪ್ಲೇಟುಗಳಲ್ಲಿ ಒಂದೂ ಹೊಳೆಯಲಿಲ್ಲ.

"ಜೀನ್ ಒಳಗೆ ಹೋಗಿಲ್ಲವೇನೋ ಮೇಡಂ."

ಹೋಗದೆ ಏನು? ಆಂಪಿಸಿಲಿನ್ ಎಂಬ ಆಂಟಿಬಯಾಟಿಕ್ ಬೆರೆಸಿದ ಅಗರ್ ಮೇಲೆ ಕಾಲೊನಿಗಳು ನೆನೆಸಿದ ಸಾಬೂದಾಣಿಯಂತೆ ಉಬ್ಬಿ ಕುಳಿತಿದ್ದವು. ಬೆಳಕಿನ ಜೀನ್ ಜೊತೆಗೆ ಆಂಪಿಸಿಲಿನ್ ತಡೆಯುವ ಜೀನನ್ನೂ ಹೊತ್ತ ಡಿಎನ್ಎ ಉಂಗುರ, ಪ್ಲಾಸ್ಮಿಡ್, ಸೇರದಿದ್ದರೆ ಅವು ಬದುಕುತ್ತಲೇ ಇರಲಿಲ್ಲ. ಅಷ್ಟರಲ್ಲಿ ಒಬ್ಬಳು ಮೂಲೆಯ ಮೇಜಿನತ್ತ ಕೈ ತೋರಿಸಿದಳು. ಇನ್‌ಕ್ಯುಬೇಟರ್‌ನಲ್ಲಿ ಜಾಗ ಸಾಲದೆ ಶನಿವಾರ ಹೊರಗೇ ಬಿಟ್ಟುಹೋಗಿದ್ದ ಪ್ಲೇಟು. ಅದರ ಕಾಲೊನಿಗಳು ಸಾಸಿವೆಗಿಂತ ಸಣ್ಣವು. ಆದರೆ ಒಂದೊಂದೂ ನೀಲಿ ಹಸಿರಾಗಿ ಮಿನುಗುತ್ತಿತ್ತು.

ತಪ್ಪು ನನ್ನದೇ. ಇ. ಕೋಲೈ ಎಂದರೆ 37 ಡಿಗ್ರಿ ಎಂಬ ಅಭ್ಯಾಸಬಲದಿಂದ ಇನ್‌ಕ್ಯುಬೇಟರ್‌ನ ಶಾಖದ ಗುಂಡಿ ತಿರುಗಿಸಿದ್ದೆ. ಬೆಳಕಿನ ಲಕ್ಸ್ ಜೀನ್‌ಗಳ ತವರು ಕಡಲು, ಅಲಿವಿಬ್ರಿಯೊ ಫಿಶರಿ ಎಂಬ ಬ್ಯಾಕ್ಟೀರಿಯಾ. ವಿಜ್ಞಾನಿಗಳಾದ ಎಂಗೆಬ್ರೆಕ್ಟ್, ನೀಲ್ಸನ್, ಸಿಲ್ವರ್‌ಮನ್ 1983ರಲ್ಲಿ ಅವನ್ನು ಇ. ಕೋಲೈಗೆ ಸೇರಿಸಿದ್ದರು. ಕೊಟ್ಟ ಮನೆಯಾದ ಇ. ಕೋಲೈಗೆ ನಮ್ಮ ಮೈಬಿಸಿಯೇ ಹಿತ. ತವರಿನಿಂದ ಬಂದ, ಬೆಳಕು ಹುಟ್ಟಿಸುವ ಲೂಸಿಫೆರೇಸ್ ಕಿಣ್ವಕ್ಕೆ ಅದು ಆಗದು. 30 ಡಿಗ್ರಿ ದಾಟಿದರೆ ಅದರ ಎರಡು ಎಳೆಗಳು ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಗಂಜಿ ಹಾಕದ ಸೀರೆಯ ನೆರಿಗೆಯ ಹಾಗೆ. ಕಿಣ್ವ ತಯಾರಾಗುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಮುಂದಿನ ವಾರ ದ್ರವ ಮಾಧ್ಯಮದಲ್ಲಿ ಮೂರು ಫ್ಲಾಸ್ಕ್ ಇಟ್ಟೆವು: ಕೋಣೆಯ ಉಷ್ಣತೆಯಲ್ಲಿ ಒಂದು, 30ರಲ್ಲಿ ಒಂದು, 37ರಲ್ಲಿ ಒಂದು. ಇಲ್ಲಿ ಮೋಸಹೋಗುವುದು ಸುಲಭ. ಹೆಚ್ಚು ಬೆಳಕು ಎಂದರೆ ಹೆಚ್ಚು ಜನಸಂದಣಿಯೂ ಇರಬಹುದು. ಮೇಲಾಗಿ ಈ ಜೀನ್‌ಗಳು ಗುಂಪು ಸೇರುವವರೆಗೆ ಬಾಯಿಬಿಡುವುದೇ ಇಲ್ಲ. ಒಂದು ಸಂಕೇತ ರಾಸಾಯನಿಕ ಸಾಕಷ್ಟು ಕೂಡಿದ ಮೇಲೆಯೇ ದೀಪ. ಹಾಗಾಗಿ ಕಲರಿಮೀಟರ್‌ನಲ್ಲಿ 600 ನ್ಯಾನೊಮೀಟರ್‌ಗೆ ಕಲಕನ್ನು, ಅಂದರೆ ಬ್ಯಾಕ್ಟೀರಿಯಾ ಎಷ್ಟಿವೆ ಎಂಬುದನ್ನು, ಅಳೆದು, ಬೆಳಕನ್ನು ಅದರಿಂದ ಭಾಗಿಸಿದೆವು. ಬೆಳಕಿನ ಅಳತೆಗೆ ನಮ್ಮಲ್ಲಿದ್ದದ್ದು ಮೊಬೈಲ್ ಕ್ಯಾಮೆರಾ ಮಾತ್ರ, ಪ್ರತಿ ಬಾರಿಯೂ ಅದೇ ಎಕ್ಸ್‌ಪೋಷರ್. ಪತ್ರಿಕೆಗೆ ಕಳಿಸುವಂಥ ಫಲಿತಾಂಶವಲ್ಲ. ಆದರೂ 37ರ ಫ್ಲಾಸ್ಕ್ ಎಲ್ಲಕ್ಕಿಂತ ಬೇಗ ಕಲಕಾಗಿ, ಕಪ್ಪಾಗಿಯೇ ಉಳಿದದ್ದಕ್ಕೆ ಯಂತ್ರ ಬೇಕಿರಲಿಲ್ಲ. 30ರದ್ದನ್ನು ಅಲುಗಾಡದೆ ಇಟ್ಟರೆ ಮೇಲಿನ ಅಂಚು ಮಾತ್ರ ಬೆಳಗುತ್ತಿತ್ತು; ಕುಲುಕಿದರೆ ಆಮ್ಲಜನಕ ಸಿಕ್ಕಿ ಇಡೀ ಫ್ಲಾಸ್ಕ್ ಹೊತ್ತಿಕೊಳ್ಳುತ್ತಿತ್ತು. ಮಕ್ಕಳು ಅದನ್ನು ಕುಲುಕಿದಷ್ಟು ಬೇರೇನನ್ನೂ ಮಾಡಲಿಲ್ಲ.

37ರಲ್ಲೇ ಬೆಳಕು ಬೇಕೆನ್ನುವವರು ಬೇರೆ ತವರು ಹುಡುಕುತ್ತಾರೆ. ಮಣ್ಣಿನ ಹುಳುಗಳೊಳಗೆ ವಾಸಿಸುವ ಬ್ಯಾಕ್ಟೀರಿಯಾ ಫೋಟೊರ‍್ಯಾಬ್ಡಸ್‌ನ ಲೂಸಿಫೆರೇಸ್ 45 ಡಿಗ್ರಿಯಲ್ಲೂ ತಡೆಯುತ್ತದೆ. ಇಲಿಗಳ ದೇಹದಲ್ಲಿ ಸೋಂಕು ಹರಡುವುದನ್ನು ಹೊರಗಿನಿಂದ ನೋಡಲು ಅದನ್ನೇ ಬಳಸುತ್ತಾರೆ.

ಮೊದಲ ದಿನದ ಕಪ್ಪು ಪ್ಲೇಟುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟಿದ್ದೆ. ಮರುದಿನ ನೋಡಿದರೆ ಅವೂ ಮಸುಕಾಗಿ ಬೆಳಗತೊಡಗಿದ್ದವು. ಎಲ್ಲ ಮುಗಿದ ಮೇಲೆ ಬ್ಯಾಕ್ಟೀರಿಯಾ ಸಾಯಲೆಂದು ಪ್ಲೇಟುಗಳನ್ನು ಬಿಸಿಹಬೆಯ ಆಟೋಕ್ಲೇವ್‌ಗೆ ಹಾಕಬೇಕು, 121 ಡಿಗ್ರಿ.

"ಒಂದನ್ನಾದರೂ ಅಜ್ಜಿಗೆ ತೋರಿಸಿ ತರಲೇ ಮೇಡಂ?"

ಆಂಪಿಸಿಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಅದು. ಫೋಟೊ ತೋರಿಸು ಎಂದೆ.