ಜ್ವರದ ಮಂಕು

ಮೂರು ದಿನದಿಂದ ಜ್ವರ. ಅಮ್ಮ ತಂದಿಟ್ಟ ಗಂಜಿ ಕೆನೆಗಟ್ಟಿ ಆರಿಹೋಯಿತು. ಮಾತು ಬೇಡ, ಫೋನ್ ಬೇಡ. ಸುಮ್ನೆ ಗೋಡೆ ನೋಡುತ್ತಾ ಮಲಗಿದ್ದೆ. ಖಿನ್ನತೆಯೂ ಹೆಚ್ಚುಕಮ್ಮಿ ಹೀಗೇ ಅಲ್ವಾ?

ಸೋಂಕು, ಗಾಯದ ವಿರುದ್ಧ ಮೈ ಹೂಡುವ ಉರಿಯೂತ (ಜ್ವರ ಬರೋದೂ ಅದರಿಂದಲೇ) ಮನಸ್ಸನ್ನೂ ಕುಗ್ಗಿಸುತ್ತದಾ ಅಂತ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ನೋಡಿದ್ದರು. ಮಾಮೂಲಿ ಔಷಧಿಗೆ ಬಗ್ಗದ ಖಿನ್ನತೆಯ 60 ಜನ. ಅರ್ಧ ಜನಕ್ಕೆ ಸಂಧಿವಾತಕ್ಕೆ ಕೊಡುವ, ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಡ್ರಿಪ್, ಉಳಿದವರಿಗೆ ಬರೀ ಸಲೈನ್. 2013ರಲ್ಲಿ ಅಚ್ಚಾದ ಫಲಿತಾಂಶ: ಒಟ್ಟಾರೆ ವ್ಯತ್ಯಾಸವೇ ಇಲ್ಲ! ಆದರೆ ರಕ್ತದಲ್ಲಿ ಉರಿಯೂತ ಸೂಚಿಸುವ ಪ್ರೋಟೀನ್ ಸಿಆರ್‌ಪಿ ಜಾಸ್ತಿ ಇದ್ದವರಿಗೆ ಔಷಧಿ ಒಂದಿಷ್ಟು ಹಿಡಿಸಿದಂತಿತ್ತು. ಕಮ್ಮಿ ಇದ್ದವರಿಗೆ ಸಲೈನೇ ವಾಸಿ.

ಹಾಗಂತ ಯಾರೂ ಬೇಜಾರಿಗೆ ಉರಿಯೂತ ತಗ್ಗಿಸುವ ನೋವಿನ ಮಾತ್ರೆ ನುಂಗಬೇಡಿ, ಹೊಟ್ಟೆ ಕೆಡುತ್ತದೆ. ಅಮ್ಮ ಗಂಜಿ ಮತ್ತೆ ಬಿಸಿ ಮಾಡುತ್ತಿದ್ದಾರೆ.