ಪುಟ್ಟಿ ತೋಳಿನ ಗಂಟು

ನಾವಿರೋದು ಮುಂಬೈ ಹತ್ರದ ಡೊಂಬಿವ್ಲಿಲಿ. ಪುಟ್ಟಿಗೆ ತಲೆಸ್ನಾನ ಮಾಡಿಸ್ತಿದ್ದಾಗ ಎಡತೋಳಲ್ಲಿ ಕಡ್ಲೆಕಾಳಷ್ಟು ಗಂಟು ಕೈಗೆ ಸಿಕ್ತು, ಮುಟ್ಟಿದ್ರೆ ಕಲ್ಲು, ಚರ್ಮದ ಮೇಲೆ ಸ್ವಲ್ಪ ನೀಲಿ, ನೋವಿಲ್ಲ ಅಂದ್ಲು. ಅತ್ತೆ ಕುರು ಇರ್ಬೇಕು ಅಂತ ಸುಣ್ಣ-ಬೆಲ್ಲ ಹಚ್ಚಿದ್ರು. ಇಲ್ಲೇ ಹತ್ರದ ಒಬ್ರು ಡಾಕ್ಟ್ರು ಕೊಬ್ಬಿನ ಗಂಟು, ಬಿಟ್ಬಿಡಿ ಅಂದ್ರು, ಸರಿಯಾಗಿ ಮುಟ್ಟಿ ಕೂಡ ನೋಡ್ಲಿಲ್ಲ, ಆ ಸಿಟ್ಟು ನಂಗೆ ಇನ್ನೂ ಇದೆ. ನಾಲ್ಕು ತಿಂಗಳಲ್ಲಿ ಅದು ಹುಣಸೆಬೀಜದಷ್ಟಾಯ್ತು. ಪಕ್ಕದ್ಮನೆ ಮರಾಠಿ ಕಾಕು (ಆಂಟಿ) ದಿನಾ "ಗಾಠ್ ಆಹೆ, ದಾಖವೂನ್ ಘ್ಯಾ" (ಗಂಟಿದೆ, ತೋರಿಸ್ಕೊಳ್ಳಿ) ಅಂತ ಬೆನ್ನು ಬಿದ್ದಿದ್ದಕ್ಕೇ ದಾದರ್‌ಗೆ ಸ್ಕಿನ್ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ.

ಅವ್ರು ಗಂಟಿನ ಒಂದು ತುದಿನ ಬೆರಳಿಂದ ಒತ್ತಿದ್ರು, ಇನ್ನೊಂದು ತುದಿ ಚರ್ಮದ ಕೆಳಗೆ ಪಾರ್ಕಲ್ಲಿ ಮಕ್ಕಳಾಡೋ ಸೀ-ಸಾ ಹಲಗೆ ಥರ ಮೇಲೆದ್ತು. ಪೈಲೋಮ್ಯಾಟ್ರಿಕೋಮಾ ಇರ್ಬೇಕು, ಟ್ಯೂಮರ್ರೇ ಆದ್ರೂ ಕ್ಯಾನ್ಸರ್ ಅಲ್ಲ ಅಂದ್ರು. ಟ್ಯೂಮರ್ ಅನ್ನೋ ಪದ ಕೇಳಿ ನನ್ನ ಕೈಕಾಲು ತಣ್ಣಗಾಗಿತ್ತು, ಕ್ಯಾನ್ಸರ್ ಅಲ್ಲ ಅಂದಿದ್ದು ಎರಡನೇ ಸಲ ಹೇಳ್ಸಿಕೊಂಡ ಮೇಲೇ ತಲೆಗೆ ಹೋಗಿದ್ದು.

ಕೂದಲ ಬುಡದಲ್ಲಿ ಕೂದಲು ಹುಟ್ಟಿಸೋ ಮ್ಯಾಟ್ರಿಕ್ಸ್ ಅನ್ನೋ ಜೀವಕೋಶಗಳಿರ್ತವಲ್ಲ, ಅವು ಲೆಕ್ಕ ತಪ್ಪಿ ಬೆಳೆದು, ಕೂದಲಾಗಿ ಹೊರಗೆ ಬರದೆ ಅಲ್ಲೇ ಗುಡ್ಡೆ ಬೀಳ್ತವಂತೆ, ಬರ್ತಾ ಬರ್ತಾ ಕ್ಯಾಲ್ಸಿಯಂ ಕೂತು ಗಟ್ಟಿ ಆಗುತ್ತಂತೆ. ಬೀಟಾ-ಕ್ಯಾಟೆನಿನ್ ಅನ್ನೋ ಜೀನ್‌ನಲ್ಲಿ ಆಗೋ ಬದಲಾವಣೆ ಇದಕ್ಕೆ ಮುಖ್ಯ ಕಾರಣ, ನಾವು ಹಾಕೋ ಎಣ್ಣೆ ಶಾಂಪೂ ಅಲ್ಲ. ಮಕ್ಕಳಲ್ಲಿ, 20ರೊಳಗಿನವ್ರಲ್ಲೇ ಜಾಸ್ತಿ, ಮುಖ, ಕುತ್ತಿಗೆ, ತೋಳಲ್ಲಿ. 1880ರಲ್ಲಿ ಇದನ್ನ ಮೊದಲು ಬರೆದಿಟ್ಟ ಫ್ರಾನ್ಸಿನ ಮಾಲೆರ್ಬ್ ಅನ್ನೋ ಡಾಕ್ಟರ್ ಚರ್ಮದ ಎಣ್ಣೆ ಗ್ರಂಥಿಯದ್ದು ಅಂದ್ಕೊಂಡಿದ್ದ, ಕೂದಲ ಬುಡದ್ದು ಅಂತ ಹೊಸ ಹೆಸರಿಟ್ಟಿದ್ದು 1961ರಲ್ಲಿ. ತಾನಾಗೇ ಕರಗೋದು ತೀರಾ ಅಪರೂಪ, ಪೂರ್ತಿ ತೆಗೆದ್ರೆ ಮತ್ತೆ ಬರೋದೂ ಅಪರೂಪ. ಮೈಯಲ್ಲಿ ಹಲವಾರು ಬಂದ್ರೆ ಮಾತ್ರ ಸ್ನಾಯುವಿನ ಒಂದು ವಂಶವಾಹಿ ಕಾಯಿಲೆ ಇದ್ಯಾ ಅಂತಾನೂ ನೋಡ್ತಾರೆ.

ತೋಳಿಗಷ್ಟೇ ಮರಗಟ್ಟೋ ಇಂಜೆಕ್ಷನ್ ಕೊಟ್ಟು ತೆಗೆದ್ರು. ಬಾಟ್ಲಿಲಿ ತೋರಿಸಿದ್ರು, ಬೆಳ್ಳಗೆ ಹಳದಿ, ಸೀಮೆಸುಣ್ಣದ ಚೂರಿನ ಥರ. ಬಯಾಪ್ಸಿಗೆ ಕಳಿಸಿದ್ರು, ದಯವಿಟ್ಟು ನೀವ್ಯಾರೂ ದುಡ್ಡುಳಿಸೋಕೆ ಅದನ್ನ ಬಿಡ್ಬೇಡಿ, ಮೈಕ್ರೋಸ್ಕೋಪಲ್ಲಿ ನೋಡಿದ್ಮೇಲೇ ಗಂಟು ಯಾವ್ದು ಅಂತ ಖಾತ್ರಿ ಆಗೋದು. ರಿಪೋರ್ಟಲ್ಲಿ 'ಘೋಸ್ಟ್ ಸೆಲ್ಸ್' ಅಂತಿತ್ತು, ಗಾಬರಿಯಾಗಿ ಫೋನ್ ಮಾಡಿದೆ, ಜೀವಕೋಶದ ನಡುವಿನ ನ್ಯೂಕ್ಲಿಯಸ್ ಕರಗಿ ಬರೀ ಆಕಾರ ಉಳಿದಿರುತ್ತೆ, ಈ ಗಂಟಿನ ಗುರುತೇ ಅದು ಅಂದ್ರು.

ಹೊಲಿಗೆ ಬಿಚ್ಚಿ ತಿಂಗಳಾಯ್ತು. ಅತ್ತೆ ದಿನಾ ಸಂಜೆ ಆ ಗೆರೆ ಮೇಲೆ ಕೊಬ್ಬರಿ ಎಣ್ಣೆ ಸವರ್ತಾರೆ, ಪುಟ್ಟಿ ತೋಳು ಚಾಚ್ಕೊಂಡು ಕೂರ್ತಾಳೆ.